ಹೊಳೆಯಿಂದ ನಾಲ್ಕು ಎಂದವರು

ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕಸುಬು. ಅದರಲ್ಲಿ ಒಂದು ಕಟ್ಟಳೆಯಿದೆ: ಒಮ್ಮೆ ಕಂಡ ತಪ್ಪು ಇನ್ನೊಮ್ಮೆ ಕಾಣಿಸದಿದ್ದರೆ ಅದನ್ನು ಬರೆದಿಡುವ ಹಾಗಿಲ್ಲ. ಆ ಕಟ್ಟಳೆಯ ಪ್ರಕಾರ ನಾನೀಗ ಹೇಳಹೊರಟಿರುವುದು ನಡೆದೇ ಇಲ್ಲ.

ನಡೆದಿದೆ. ನಾನು ಅಲ್ಲಿದ್ದೆ. ಕುಡಿದಿರಲಿಲ್ಲ, ಜ್ವರವಿರಲಿಲ್ಲ, ಕನ್ನಡಕ ಮೂಗಿನ ಮೇಲೇ ಇತ್ತು. ಜೊತೆಗಿದ್ದ ಶೆಟ್ಟರು ಇವತ್ತಿಗೂ ನೆವಾರ್ಕಿನಲ್ಲಿದ್ದಾರೆ, ಬೇಕಾದರೆ ಕೇಳಿ. ಮಾತು ಮರೆಸಿ ಬಂಗುಡೆ ಸಾರಿನ ವಿಷಯ ತೆಗೆಯುತ್ತಾರೆ, ಅಷ್ಟೆ.

ಡಾಟ್‌ಕಾಮ್ ಹುಚ್ಚು ಎಲ್ಲರ ನೆತ್ತಿಗೇರಿದ್ದ ಕಾಲ. ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು, ನನ್ನ ಹೆಂಡತಿ ಜಯಾ, ಮತ್ತು ಅವಳ ತಮ್ಮ ಹರೀಶ. ಒಂದು ತಿಂಗಳ ಮಟ್ಟಿಗೆಂದು ಬಂದವನು ಎರಡು ವರ್ಷದಿಂದ ನಮ್ಮ ಸೋಫಾವನ್ನು ಅಲಂಕರಿಸಿದ್ದ. ಅವನ ಕಂಪನಿ, ವರ್ಷದಲ್ಲಿ ಎಂಟು ತಿಂಗಳು ಮಳೆ ಬಾರದ ಊರಿನಲ್ಲಿ, ಇಂಟರ್ನೆಟ್ಟಿನ ಮೂಲಕ ಛತ್ರಿ ಮಾರುತ್ತಿತ್ತು. ನಾನು ನಗುವಂತಿರಲಿಲ್ಲ. ಪತ್ರಿಕೆಗಳು ಅದನ್ನು ಹೊಗಳುತ್ತಿದ್ದವು.

ಅವನ ಬಾಸಿಗೆ ಸ್ಟೀಲ್‌ಹೆಡ್ ಹಿಡಿಯುವ ಗೀಳು. ಹೊಳೆಯಲ್ಲಿ ಹುಟ್ಟಿ, ಸಮುದ್ರ ಸೇರಿ ದೊಡ್ಡದಾಗಿ, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ವಾಪಸ್ಸು ಬರುವ ಮೀನು ಅದು. ದೊಡ್ಡವರಾಗಬೇಕಾದರೆ ದೊಡ್ಡವರ ಗೀಳು ಅಂಟಿಸಿಕೊಳ್ಳಬೇಕೆಂಬುದು ಹರೀಶನ ಸಿದ್ಧಾಂತ. ಉತ್ತರಕ್ಕೆ ಮೂರು ಗಂಟೆ ಹಾದಿಯ ಒಂದು ಹೊಳೆಯ ಪಕ್ಕದ ಲಾಡ್ಜಿನಲ್ಲಿ, ಗೈಡ್ ಸಮೇತ, ವಸಂತದ ಒಂದು ವೀಕೆಂಡು ಬುಕ್ ಮಾಡಿಬಿಟ್ಟ. ಹೊಳೆಯ ಹೆಸರು ಹೇಳುವುದಿಲ್ಲ. ಈಗಲೂ ಜನ ಅಲ್ಲಿಗೆ ಹೋಗುತ್ತಾರೆ.

ಅವನಿಗೆ ಈಜು ಬಾರದು. ಹೀಗಾಗಿ ಜಯಾ ನನ್ನನ್ನೂ ಹೊರಡಿಸಿದಳು.

"ರೀ, ಅವನನ್ನ ಕಣ್ಣಿಂದ ಆಚೆ ಬಿಡ್ಬೇಡಿ. ಹೆಂಗೆ ಕಳಿಸ್ತಿದೀನೋ ಹಂಗೇ ವಾಪಸ್ ಕರ್ಕೊಂಡ್ ಬನ್ನಿ. ಅಮ್ಮಂಗೆ ಮಾತು ಕೊಟ್ಟಿದೀನಿ."

"ಅಕ್ಕಾ, ನಾನೇನು ನರ್ಸರಿ ಮಗುವಾ?" ಎಂದ ಹರೀಶ.

"ಸುಮ್ನಿರೋ. ನಿನ್ ಷೂ ಲೇಸು ಬಿಚ್ಕೊಂಡಿದೆ ನೋಡು."

ಮೂರನೆಯವರು ಶೆಟ್ಟರು, ಉಡುಪಿ ಕಡೆಯವರು, ನನ್ನ ಆಫೀಸಿನ ಗೆಳೆಯರು. ಮೀನು ಎಂದರೆ ರಾತ್ರಿ ಎರಡಕ್ಕೂ ಎದ್ದು ಬರುವ ಜಾತಿ. ಮೂವರೂ ಬಾಗಿಲು ದಾಟುವಾಗ ಜಯಾ ಮತ್ತೆ ತಡೆದಳು.

"ಮೂರು ಜನ ಹೊರಡಬಾರ್ದು. ಒಂದು ಕಲ್ಲು ಜೊತೆಗಿಟ್ಕೊಳ್ಳಿ. ನಾಲ್ಕಾಗತ್ತೆ."

ಹಾಸನದ ಅವಳ ತವರಿನಲ್ಲಿ ಹಾಗೊಂದು ಪದ್ಧತಿ. ಮೂವರು ಒಟ್ಟಿಗೆ ಹೊರಟರೆ ಹೋದ ಕೆಲಸ ಕೆಡುತ್ತದೆ. ಜೇಬಿಗೊಂದು ಕಲ್ಲು ಹಾಕಿಕೊಂಡರೆ ಅದೇ ನಾಲ್ಕನೆಯವನು, ದೋಷ ಕಳೆಯಿತು. ಆಗಲಿ ಎಂದೆ. ಫ್ರೀವೇ ಹತ್ತುವಷ್ಟರಲ್ಲಿ ಮರೆತೆ.

ಶುಕ್ರವಾರ ಸಂಜೆ ಲಾಡ್ಜು ತಲುಪಿ ಮನೆಗೆ ಫೋನ್ ಮಾಡಿದರೆ ಅವಳ ಮೊದಲ ಪ್ರಶ್ನೆಯೇ, "ಕಲ್ಲು?"

"ಇದೆ ಅಕ್ಕಾ!" ಎಂದು ಹರೀಶ ನನ್ನ ಹೆಗಲ ಮೇಲಿಂದ ಕೂಗಿ, ಹೊಳೆಗಿಳಿಯುವ ಮೆಟ್ಟಿಲ ಬುಡಕ್ಕೆ ಓಡಿದ. ಅಲ್ಲಿ ಯಾರೋ ಒಂದರ ಮೇಲೊಂದು ಪೇರಿಸಿಟ್ಟ ಕಲ್ಲುಗಳಿದ್ದವು. ಮೇಲಿನದನ್ನು ಎತ್ತಿಕೊಂಡು ಬಂದ. ಕಪ್ಪು, ಮೊಟ್ಟೆಯಂತೆ ನುಣುಪು. ಎಷ್ಟು ಹೊತ್ತು ಹಿಡಿದರೂ ಬೆಚ್ಚಗಾಗಲಿಲ್ಲ… ಹಳೆಯ ಬಾವಿಯ ವಾಸನೆ.

ಶೆಟ್ಟರು ಊಟದ ಮೇಜಿನಲ್ಲಿ ಅದಕ್ಕೊಂದು ಕುರ್ಚಿ ಎಳೆದರು. "ಕೂತ್ಕೊಳ್ಳಿ ಮಾರಾಯ್ರೆ. ನಾಚಿಕೆ ಮಾಡ್ಬೇಡಿ, ನಮ್ಮದೇ ಮನೆ."

ನಾವು ನಕ್ಕೆವು. ನಕ್ಕದ್ದು ನೆನಪಿದೆ.

ಗೈಡ್ ವಾಲ್ಟ್ ಎಪ್ಪತ್ತು ದಾಟಿದ ಮುದುಕ. ಮಾತು ಕಡಿಮೆ. ಶನಿವಾರ ಬೆಳಕು ಹರಿಯುವ ಮುಂಚೆಯೇ ನಮಗೆ ಎದೆಯವರೆಗೆ ಬರುವ ರಬ್ಬರ್ ಷರಾಯಿ ತೊಡಿಸಿ ಅವನು ಹೇಳಿದ ನಿಯಮ ಒಂದೇ. "ಈ ಹೊಳೆಯಲ್ಲಿ ಮಂಜು ಬಿದ್ದರೆ ಕಣ್ಣು ಕೆಲಸಕ್ಕೆ ಬಾರದು. ನಾನು 'ಎಣಿಕೆ' ಎಂದು ಕೂಗಿದಾಗ ಒಬ್ಬೊಬ್ಬರೂ ನಿಮ್ಮ ನಿಮ್ಮ ಸಂಖ್ಯೆ ಹೇಳಬೇಕು."

ನಾನು ಒಂದು, ಶೆಟ್ಟರು ಎರಡು, ಹರೀಶ ಮೂರು. ಕನ್ನಡದಲ್ಲೇ ಕೂಗುತ್ತೇವೆಂದರು ಶೆಟ್ಟರು. ವಾಲ್ಟ್ ಭುಜ ಕುಣಿಸಿದ. "ಭಾಷೆ ನಿಮ್ಮದು. ಸಂಖ್ಯೆ ಮಾತ್ರ ಸರಿಯಿರಲಿ."

ಮೀನು ಹಿಡಿಯುವ ವಿವರ ಬೇಡ. ಕೊಕ್ಕೆಗೆ ಗರಿ ಸುತ್ತಿ ಹುಳುವಿನ ವೇಷ ಹಾಕುತ್ತಾರೆ, ಅದನ್ನು ನೀರಿನ ಮೇಲೆ ಬೀಸುತ್ತಾರೆ, ಮೀನು ಬರುವುದಿಲ್ಲ, ಮತ್ತೆ ಬೀಸುತ್ತಾರೆ. ಹನ್ನೊಂದರ ಹೊತ್ತಿಗೆ ಶೆಟ್ಟರಿಗೆ ಒಂದು ಸಿಕ್ಕಿತು, ತೋಳುದ್ದದ ಬೆಳ್ಳಿ ಮೀನು. ಅವರ ಕಣ್ಣಲ್ಲಿ ನೀರು ಬಂತು. ವಾಲ್ಟ್ ಕೊಕ್ಕೆ ಬಿಡಿಸಿ, ಅದನ್ನು ನೀರಲ್ಲೇ ಹಿಡಿದು ಸುಧಾರಿಸಿಕೊಳ್ಳಲು ಬಿಟ್ಟು, ಕಳಿಸಿಕೊಟ್ಟ. ಸಾಕದೆ ಹೊಳೆಯಲ್ಲೇ ಹುಟ್ಟಿದ ಮೀನನ್ನು ಇಟ್ಟುಕೊಳ್ಳುವಂತಿಲ್ಲ, ಅಲ್ಲಿನ ಕಾನೂನು.

"ಹಿಡಿದದ್ದನ್ನು ಬಿಡುವುದಾ? ಇದೆಂಥ ಕರ್ಮ ಮಾರಾಯ್ರೆ! ಇಷ್ಟು ದೂರ ಬಂದದ್ದು ಅದರ ಮುಖ ನೋಡ್ಲಿಕ್ಕಾ?"

ಆ ದುಃಖದಲ್ಲೋ ಏನೋ, ಮಧ್ಯಾಹ್ನದ ಎಣಿಕೆಯಲ್ಲಿ ಒಂದು, ಎರಡು, ಮೂರು ಆದಮೇಲೆ ಶೆಟ್ಟರು ಕೀರಲು ದನಿಯಲ್ಲಿ "ನಾಲ್ಕೂ…" ಎಂದರು, ಕಲ್ಲಿನ ಪರವಾಗಿ.

ವಾಲ್ಟ್ ತಿರುಗಿದ. "ಯಾರದು ಇನ್ನೊಂದು?"

ಹರೀಶ ನಗುತ್ತ ಎದೆಯ ಜೇಬಿನಿಂದ ಕಲ್ಲು ತೆಗೆದು ತೋರಿಸಿ, ಅಕ್ಕನ ಪದ್ಧತಿ ವಿವರಿಸಿದ. ಮುದುಕ ನಗಲಿಲ್ಲ.

"ಮೆಟ್ಟಿಲ ಹತ್ತಿರದ ರಾಶಿಯದಾ?"

"ಹೌದು."

"ಅದಕ್ಕೆ ಸಂಖ್ಯೆ ಕೊಟ್ಟಿರಾ?" ಮೆಟ್ಟಿಲ ಕಡೆ ಕೈ ತೋರಿಸಿದ. "ಈಗಲೇ ಹೋಗಿ ಇಟ್ಟು ಬಾ."

"ಶ್ಯೂರ್, ಶ್ಯೂರ್," ಎಂದ ಹರೀಶ. ನನ್ನ ಕಡೆ ಕಣ್ಣು ಮಿಟುಕಿಸಿ ಅದನ್ನು ಮತ್ತೆ ಜೇಬಿಗಿಳಿಸಿದ. "ಸಂಜೆ ಇಡ್ತೀನಿ ಬಿಡಿ ಭಾವ. ಈಗ ಮೀನು ಏಳೋ ಟೈಮು."

ಗದರಬೇಕಿತ್ತು. ಗದರಲಿಲ್ಲ.

ಸಂಜೆ ಸಮುದ್ರದ ಕಡೆಯಿಂದ ಮಂಜು ಬಂತು. ಹತ್ತು ನಿಮಿಷದಲ್ಲಿ ಆಚೆ ದಡ ಹೋಯಿತು, ಆಮೇಲೆ ನನ್ನ ಗಾಳದ ತುದಿ ಹೋಯಿತು. ಕತ್ತಲೆ ಇಳಿಯಿತು. ದಡದ ಮೇಲೆ ನನ್ನ ಪಕ್ಕ ಶೆಟ್ಟರು, ಇಪ್ಪತ್ತು ಹೆಜ್ಜೆ ಕೆಳಗೆ ನೀರಿನಲ್ಲಿ ಹರೀಶ. ಮೇಲಿನ ತಿರುವಿನಿಂದ ವಾಲ್ಟ್ ಕೂಗಿದ. "ಸಾಕು! ಎಣಿಕೆ!"

"ಒಂದು," ಎಂದೆ.

"ಎರಡು," ಎಂದರು ಶೆಟ್ಟರು.

ತಡವಾಯಿತು… ನೀರಿನ ಸದ್ದು ಮಾತ್ರ.

"ಮೂರು."

ಉಸಿರು ಬಿಟ್ಟೆ. ಅಷ್ಟರಲ್ಲಿ, ತೀರಾ ಸಮೀಪದಲ್ಲಿ, ತಣ್ಣಗೆ, "ನಾಲ್ಕು."

"ಸಾಕು ಶೆಟ್ರೇ ನಿಮ್ಮ ತಮಾಷೆ."

ಶೆಟ್ಟರು ನನ್ನ ತೋಳು ಹಿಡಿದರು. "ನಾನು ಬಾಯಿ ತೆರೆಯಲಿಲ್ಲ, ಗೌಡ್ರೆ."

ಹುಡುಗನದೇ ಕಿತಾಪತಿ ಎಂದುಕೊಂಡೆ. ವಾಲ್ಟ್ ಬಂದು ಮುಂದೆ ನಡೆದ, ಹಿಂದೆ ಶೆಟ್ಟರು, ಅವರ ಹಿಂದೆ ನಾನು. ನನ್ನ ಹಿಂದೆ ನೀರು ತುಂಬಿದ ಬೂಟುಗಳ ಪಚ್… ಪಚ್…

"ಚಳಿಯಾಯ್ತೇನೋ ಹರೀಶ?" ತಿರುಗದೆ ಕೇಳಿದೆ.

"ಹೂಂ."

ಹಳೆಯ ಬಾವಿಯ ವಾಸನೆ ಮೂಗಿಗೆ ಹೊಡೆಯಿತು.

ಲಾಡ್ಜಿನ ದೀಪದ ಕೆಳಗೆ ತಿರುಗಿ ನೋಡಿದೆ. ಯಾರೂ ಇಲ್ಲ. ಮರದ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಗಳು ನನ್ನ ಹಿಂದೆಯೇ ಹತ್ತಿ ಬಂದು, ನನಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಿದ್ದವು.

ಹೊಳೆಗೆ ವಾಪಸ್ಸು ಹೇಗೆ ಓಡಿದೆವೋ ಗೊತ್ತಿಲ್ಲ. ವಾಲ್ಟನ ಟಾರ್ಚಿನ ಬೆಳಕಿನಲ್ಲಿ ಹರೀಶ ಕಂಡ. ನಡುಮಟ್ಟದ ನೀರಿನಲ್ಲಿ, ನಮಗೆ ಬೆನ್ನು ಹಾಕಿ, ಹೊಳೆಯ ನಡುವಿನ ಕಡೆಗೆ ಆರಾಮಾಗಿ ನಡೆಯುತ್ತಿದ್ದ.

"ಹರೀಶಾ!"

"ಬಂದೆ ಭಾವ," ಎಂದ, ಎದುರಿನ ಕತ್ತಲೆಗೆ. ಇನ್ನೊಂದು ಹೆಜ್ಜೆ ಮುಂದಿಟ್ಟ. ಮತ್ತೆ ಕೂಗಿದೆ. ಮತ್ತೊಂದು ಹೆಜ್ಜೆ. ನೀರು ಎದೆಗೆ ಬಂತು. ಆ ಷರಾಯಿಯೊಳಗೆ ನೀರು ನುಗ್ಗಿದರೆ ಈಜು ಬರುವವನೂ ಏಳುವುದಿಲ್ಲ.

ವಾಲ್ಟ್ ನನ್ನ ಬಾಯಿ ಮುಚ್ಚಿದ. "ಕರೆಯಬೇಡ. ನೀನು ಕರೆದಾಗಲೆಲ್ಲ ಅವನಿಗೆ ಆ ಕಡೆಯಿಂದ ಕೇಳಿಸುತ್ತಿದೆ." ಸೊಂಟಕ್ಕೆ ಸುತ್ತಿದ್ದ ಹಗ್ಗ ಬಿಚ್ಚುತ್ತ ಹೇಳಿದ, "ಎಣಿಸಿ. ಈ ಸಲ ನನ್ನನ್ನೂ ಸೇರಿಸಿ."

ಆಗ ಹೊಳೆಯಿತು. ನೀರಿಗಿಳಿದಾಗ ನಾವು ನಾಲ್ವರೇ ಇದ್ದೆವು. ಕೂಲಿಗೆ ಬಂದವನನ್ನು ತಲೆ ಲೆಕ್ಕಕ್ಕೆ ಹಿಡಿಯದ ನಮ್ಮ ಹಳೇ ಬುದ್ಧಿ, ಖಾಲಿಯೇ ಇಲ್ಲದ ಜಾಗಕ್ಕೆ ಒಂದು ಕಲ್ಲನ್ನು ಕರೆತಂದಿತ್ತು. ವಾಲ್ಟ್ ಮೂರಾದರೆ ಹರೀಶನೇ ನಾಲ್ಕು. ಇನ್ನೊಬ್ಬರಿಗೆ ಸಂಖ್ಯೆ ಉಳಿಯುವುದಿಲ್ಲ.

ಅಷ್ಟರಲ್ಲಿ ಮಂಜು ಮುಚ್ಚಿ ಹರೀಶ ಮರೆಯಾಗಿದ್ದ.

"ಒಂದು," ಎಂದೆ.

"ಎರಡು."

"ಮೂರು," ಎಂದ ವಾಲ್ಟ್. ದಿನವಿಡೀ ಕೇಳಿ ಕಲಿತ, ತೊದಲುವ ಮೂರು.

"ನಾಲ್ಕು." ಎದುರಿನಿಂದಲೇ ಬಂತು. ಸಮೀಪ, ಸ್ಪಷ್ಟ.

ವಾಲ್ಟ್ ಆ ದನಿಯತ್ತ ಹಗ್ಗ ಎಸೆದ. ಹಗ್ಗ ಬಿಗಿಯಿತು. ಮೂವರೂ ಸೇರಿ ಎಳೆಯತೊಡಗಿದೆವು. ಭಾರ ದಡಕ್ಕೆ ಬರುತ್ತಿದ್ದಾಗ… ಕೆಳಗಿನಿಂದ, ಹೊಳೆ ತಿರುಗುವ ದೂರದಿಂದ, ಇನ್ನೊಂದು ದನಿ ಕೇಳಿಸಿತು. ತೆಳ್ಳಗೆ, ನೀರು ಕುಡಿದವನ ದನಿ.

"ನಾಲ್ಕು… ಭಾವ…"

ದಡದ ಮೇಲೆ ಬಂದು ಬಿದ್ದವನು ಹರೀಶನೇ. ಮುಖ ಅವನದು, ಹುಬ್ಬಿನ ಮೇಲಿನ ಗಾಯದ ಗುರುತು ಅವನದು. ಎದೆಯ ಜೇಬು ಖಾಲಿ. ಹಲ್ಲು ಕಟಕಟ ಎನ್ನುತ್ತ, "ನೀವು ಮೂರೂ ಜನ ಮುಂದೆ ಹೋಗ್ತಿದ್ರಲ್ಲ… ನಾನು ಹಿಂದೇನೇ ಬಂದೆ," ಎಂದ.

ಶೆಟ್ಟರು ತಮ್ಮ ಜಾಕೆಟು ಅವನಿಗೆ ಹೊದಿಸಿದರು. ನಾನು ಟಾರ್ಚು ಕಸಿದುಕೊಂಡು ಕೆಳದಂಡೆಗೆ ಓಡಲು ಹೊರಟೆ. ವಾಲ್ಟ್ ನನ್ನ ಕತ್ತುಪಟ್ಟಿ ಹಿಡಿದು ನಿಲ್ಲಿಸಿದ.

"ನಿನ್ನ ಹುಡುಗ ಇಲ್ಲಿದ್ದಾನೆ."

"ಆದರೆ ಅಲ್ಲಿ…"

"ಎಷ್ಟು ದನಿ ಕೇಳಿಸಿತು ನಿನಗೆ?" ಉತ್ತರಕ್ಕೆ ಕಾಯದೆ ಅವನೇ ಹೇಳಿದ, "ಒಂದು. ನನಗೂ ಒಂದೇ."

ಶೆಟ್ಟರ ಕಡೆ ನೋಡಿದೆ. ಅವರು ಹರೀಶನ ತಲೆ ಒರೆಸುತ್ತ, ತಲೆಯೆತ್ತದೆ, "ಒಂದೇ ಗೌಡ್ರೆ… ಒಂದೇ ಅಂತ ಇಟ್ಕೊಳ್ಳುವ," ಎಂದರು.

ಕಾಲು ಜಾರಿತು, ಎತ್ತಿದೆವು ಎಂದಷ್ಟೇ ಜಯಾಗೆ ಹೇಳಿದೆ. ಅವಳು ಅತ್ತಳು, ತಮ್ಮನಿಗೆ ದೃಷ್ಟಿ ತೆಗೆದಳು, ನನ್ನ ಕೈ ಹಿಡಿದು, "ಮಾತು ಉಳಿಸಿಕೊಂಡ್ರಿ," ಎಂದಳು. ನಾನು ಹೂಂ ಎಂದೆ.

ವರ್ಷಗಳು ಕಳೆದಿವೆ. ಹರೀಶ ಲಿವರ್‌ಮೋರಿನಲ್ಲಿ ಮನೆ ಮಾಡಿದ್ದಾನೆ, ಹೆಂಡತಿ, ಒಂದು ಹೆಣ್ಣು ಮಗು. ಎಲ್ಲರೂ ಮೆಚ್ಚುವಷ್ಟು ಶಾಂತನಾಗಿದ್ದಾನೆ. ಆ ನೀರು ಹುಡುಗನಿಗೆ ಬುದ್ಧಿ ಕಲಿಸಿತು ಎನ್ನುತ್ತಾಳೆ ಜಯಾ. ಇರಬಹುದು. ಹಬ್ಬಕ್ಕೆ ಬರುತ್ತಾನೆ, ಕೂರುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ನನ್ನನ್ನು 'ನೀವು' ಎನ್ನುತ್ತಾನೆ, 'ಇವರು' ಎನ್ನುತ್ತಾನೆ.

ಭಾವ ಎಂದು ಮಾತ್ರ ಕರೆದಿಲ್ಲ. ಆ ರಾತ್ರಿಯಿಂದ ಇವತ್ತಿನವರೆಗೆ, ಒಂದು ಸಲವೂ.