ಹೊಟ್ಟೆಯ ಚರ್ಮ ಮತ್ತು ಚೌಥಿ ಸೀಟು

ಮೊದಲ ದಿನವೇ ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ. ಆದರೆ ಡೊಂಬಿವಲಿಯ ಬೆಳಗಿನ ಲೋಕಲ್‌ನಲ್ಲಿ ಯಾರಾದರೂ ಕೂತ ಸೀಟಿನಿಂದ ಎದ್ದು "ಬಸ ಗ, ಬಸ" ಎಂದು ಕೂರಲು ಕರೆದರೆ ಬೇಡ ಎನ್ನುವಷ್ಟು ದೊಡ್ಡತನ ನನ್ನಲ್ಲಿಲ್ಲ. ಆ ರೈಲಿನಲ್ಲಿ ಒಂದು ವಾರ ನಿಂತು ನೋಡಿ, ಆಮೇಲೆ ನನ್ನನ್ನು ಬೈಯಿರಿ.

ಆಗ ನನಗೆ ನಲವತ್ತು. ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತೆಂದು ಹೆದರಿ, ಎರಡು ವರ್ಷ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸುತ್ತ ದಿನಾ ನಡೆದು, ಉಡುಪಿ ಕಡೆಯವಳಾಗಿಯೂ ಕುಚ್ಚಲಕ್ಕಿ ಅನ್ನವನ್ನು ಒಂದೇ ಸೌಟಿಗೆ ಇಳಿಸಿ, ಮೂವತ್ತು ಕಿಲೋ ಕಳೆದುಕೊಂಡಿದ್ದೆ. ಕೊಬ್ಬು ಹೋಯಿತು, ಅದನ್ನು ಹೊತ್ತಿದ್ದ ಚರ್ಮ ಹೋಗಲಿಲ್ಲ. ಹೊಕ್ಕುಳಿನ ಕೆಳಗೆ ಜೋತುಬಿದ್ದು ತೊಡೆಗೆ ತಾಗುತ್ತಿತ್ತು. ಮಡಿಕೆಯೊಳಗೆ ಬೆವರು ನಿಂತು ಕೆಂಪಗೆ ಬೆಂದು, ಸಂಜೆಯಾದರೆ ಉರಿಯೋ ಉರಿ. ಹಳೇ ಪಂಚೆಯ ಮೆತ್ತಗಿನ ತುಂಡೊಂದನ್ನು ಅಲ್ಲಿ ಮಡಚಿಟ್ಟುಕೊಂಡು ಆಫೀಸಿಗೆ ಹೋಗುತ್ತಿದ್ದೆ. ರೈಲಿನ ನೂಕಾಟದಲ್ಲಿ ಉಜ್ಜದಿರಲೆಂದು ಒಂದು ಕೈಯನ್ನು ಹೊಟ್ಟೆಯ ಕೆಳಗೆ ಆನಿಸಿ ನಿಲ್ಲುವುದು ಅಭ್ಯಾಸವಾಗಿತ್ತು. ಹಾಗೆ ನಿಂತ ಹೆಂಗಸನ್ನು ಕಂಡರೆ ಯಾರಿಗಾದರೂ ಏನನ್ನಿಸಬೇಕೋ ಅದೇ ಅನ್ನಿಸಿತು.

ನಮ್ಮ ಆಫೀಸು ಐರೋಲಿಗೆ ಬದಲಾಗಿ, ಥಾಣೆಯಲ್ಲಿ ಇಳಿದು ಗಾಡಿ ಬದಲಿಸಲೆಂದು ನಾನು ಹೊಸ ಗಾಡಿ ಹಿಡಿದ ಮೊದಲ ವಾರ ಅದು. ಲೇಡೀಸ್ ಡಬ್ಬಿಯಲ್ಲಿ ದಿನಾ ಅದೇ ಹತ್ತು ಹನ್ನೆರಡು ಮಂದಿ, ಅದೇ ಬೆಂಚುಗಳು. ಅವರಿಗೆಲ್ಲ ಹಿರಿಯಳು ಥಾಣೆಯ ಶಾಲೆಯೊಂದರಲ್ಲಿ ಗುಮಾಸ್ತೆಯಾಗಿದ್ದ, ಐವತ್ತೈದು ದಾಟಿದ ಮರಾಠಿ ಹೆಂಗಸು. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಮೂವರ ಬೆಂಚಿಗೆ ನಾಲ್ಕನೆಯವಳು ಬಂದು "ಸರಕಾ" ಎಂದರೆ ಮೂವರೂ ಒತ್ತಿಕೊಂಡು ಅವಳ ಅರ್ಧ ಸೊಂಟಕ್ಕೆ ಜಾಗ ಮಾಡಬೇಕು, ಅದು ಚೌಥಿ ಸೀಟು. ಬಸುರಿಯನ್ನು ಮಾತ್ರ ಅಲ್ಲಿ ಕೂರಿಸುವಂತಿಲ್ಲ, ಅವಳಿಗೆ ಪೂರ್ತಿ ಸೀಟು ಬಿಟ್ಟುಕೊಡಬೇಕು. ಮಾವಶಿ ತನ್ನ ಕಿಟಕಿ ಸೀಟನ್ನೇ ನನಗೆ ಬಿಟ್ಟು ಥಾಣೆಯವರೆಗೆ ನಿಂತಳು. "ಕಿತವಾ ಮಹಿನಾ?" ಎಂದು ಬಗ್ಗಿ ಕೇಳಿದಳು, ಎಷ್ಟನೇ ತಿಂಗಳು ಅಂತ. ಮಡಿಕೆಯೊಳಗೆ ಉರಿಯುತ್ತಿತ್ತು, ಕಿಟಕಿಯಿಂದ ಗಾಳಿ ಬರುತ್ತಿತ್ತು. "ಇನ್ನೂ ಟೈಮ್ ಉಂಟು" ಎಂದು ಮರಾಠಿಯಲ್ಲಿ ಹೇಳಿಬಿಟ್ಟೆ.

ಒಂದು ದಿನ ಎರಡು ದಿನ ಅಲ್ಲ, ನಾಲ್ಕು ತಿಂಗಳು! ದಿನವೂ ಇವತ್ತು ಹೇಳಬೇಕು ಅಂದುಕೊಳ್ಳುವುದು, ದಿನವೂ ಕೂರುವುದು. ಬಿಸಿ ತುಪ್ಪವಾಗಿತ್ತು ಆ ಸೀಟು, ನುಂಗಲೂ ಆಗದು, ಉಗುಳಲೂ ಆಗದು.

ಕೊನೆಗೆ ಒಂದು ಶುಕ್ರವಾರ ಗಾಡಿ ಕೋಪರ್ ಸ್ಟೇಷನ್ ದಾಟುತ್ತಿದ್ದಂತೆ ನನ್ನ ಸುತ್ತ ಹೆಂಗಸರು ಗುಂಪುಗೂಡಿದರು. ಯಾರೋ ಮುಡಿಗೆ ಮಲ್ಲಿಗೆ ಸಿಕ್ಕಿಸಿದರು. ಮಾವಶಿ ನನ್ನ ಕೈ ಎಳೆದುಕೊಂಡು ಹಸಿರು ಗಾಜಿನ ಬಳೆ ಏರಿಸತೊಡಗಿದಳು. ಅಯ್ಯೋ ದೇವರೇ, ಡೋಹಾಳೆ ಜೇವಣ! ನಮ್ಮಲ್ಲಿಯ ಸೀಮಂತದಂಥದ್ದು, ಅವರು ರೈಲಿನಲ್ಲೇ ಮಾಡುತ್ತಾರೆ. ಮಡಿಲಿಗೆ ತೆಂಗಿನಕಾಯಿ, ಹಣ್ಣು ಬಿತ್ತು. ಮುಚ್ಚಿದ ಎರಡು ಬಟ್ಟಲು ಮುಂದಿಟ್ಟು ಒಂದನ್ನು ತೆರೆ ಎಂದರು. ಪೇಢೆ ಬಂದರೆ ಗಂಡು, ಬರ್ಫಿ ಬಂದರೆ ಹೆಣ್ಣು. ನನಗೆ ಬಂದದ್ದು ಬರ್ಫಿ. "ಮುಲ್ಗೀ!" ಎಂದು ಇಡೀ ಡಬ್ಬಿ ಕೂಗಿತು. ತಡವಾಗಿಯಾದರೂ ದೇವರು ಕಣ್ಣು ಬಿಟ್ಟನಲ್ಲ ಎಂದು ಮಾವಶಿ ಕಣ್ಣೊರೆಸಿಕೊಂಡಳು. ಆಗಲಾದರೂ ಹೇಳಿದೆನೇ? ಇಲ್ಲ. ಬರ್ಫಿ ತಿಂದೆ. ಎರಡು ವರ್ಷದಲ್ಲಿ ನಾನು ತಿಂದ ಮೊದಲ ಸಿಹಿ ಅದು.

ಸಂಜೆ ಬಾಗಿಲು ತೆರೆದ ಅತ್ತೆ ನನ್ನ ಕೈ ನೋಡಿ ಅಲ್ಲೇ ನಿಂತರು. ಮನೆಯಲ್ಲಿ ನಾವಾಡುವುದು ತುಳು. ಸಿಟ್ಟು ಬಂದರೆ ಮಾತ್ರ ಅತ್ತೆ ಕನ್ನಡಕ್ಕೆ ಬರುತ್ತಾರೆ.

"ಎಂತ ಮಾರಾಯ್ತಿ ಇದು? ಯಾರಿಗೆ ಸೀಮಂತ?"

ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು. ನಗು ನಿಂತ ಮೇಲೆ, "ಅಲ್ಲ, ಆ ಹೆಂಗಸು ನಾಲ್ಕು ತಿಂಗಳು ನಿಂತೇ ಹೋದದ್ದಾ? ಅವಳ ಕಾಲಿನ ಕಥೆ ಎಂತ?" ಎಂದು ಕೇಳಿದರು. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಿಂದ ತಲೆಯೆತ್ತದೆ, "ಮಮ್ಮಿ, ಸಚ್ ಬೋಲ್ ದೋ ನಾ" ಎಂದಳು. ನಿಜ ಹೇಳಿಬಿಡುವುದು ಅವಳ ವಯಸ್ಸಿನಲ್ಲಿ ಸುಲಭ.

ಮರುದಿನವೇ ಥಾಣೆಯಲ್ಲಿ ಸರ್ಜನ್ ಒಬ್ಬರನ್ನು ನೋಡುವುದಿತ್ತು. ತಿಂಗಳ ಹಿಂದೆಯೇ ಹೆಸರು ಬರೆಸಿದ್ದೆವು. ಡೊಂಬಿವಲಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದ ನನ್ನ ಗಂಡ ರಜೆ ಹಾಕಿ ಜೊತೆಗೆ ಬಂದರು. ಅವರದು ಒಂದೇ ಹಟ, ಕೊಯ್ಯುವುದು ಬೇಡ, ಸಣ್ಣ ತೂತು ಮಾಡಿ ಕೊಬ್ಬು ಎಳೆದು ತೆಗೆಯುವ ಲೈಪೊಸಕ್ಷನ್ ಸಾಕು. ಡಾಕ್ಟರು ತಲೆಯಾಡಿಸಿದರು. ಇಲ್ಲಿ ಕೊಬ್ಬು ಹೆಚ್ಚೇನೂ ಉಳಿದಿಲ್ಲ, ಇರುವುದನ್ನೂ ತೆಗೆದರೆ ಚರ್ಮ ಇನ್ನಷ್ಟು ಇಳಿಯುತ್ತದೆ ಎಂದರು.

"ಹಾಂ, ಚೀಲದಿಂದ ಅಕ್ಕಿ ತೆಗೆದ್ರೆ ಚೀಲ ಇನ್ನೂ ಜೋಲ್ತದೆ ಅಲ್ವಾ?" ಎಂದರು ಇವರು. ಹೋಟೆಲಿನವರಿಗೆ ಎಲ್ಲವೂ ಹಾಗೆಯೇ ಅರ್ಥವಾಗುವುದು.

ಡಾಕ್ಟರು ಪೆನ್ನು ಹಿಡಿದು ನನ್ನ ಹೊಟ್ಟೆಯ ಮೇಲೆ ಗೆರೆ ಎಳೆದರು. ಸಡಿಲ ಚರ್ಮ ಕತ್ತರಿಸಿ ಹೊಟ್ಟೆ ಬಿಗಿಯುವ ಟಮ್ಮಿ ಟಕ್‌ನಲ್ಲಿ ಮಿನಿ ಮಾಡಿದರೆ ಗಾಯ ಚಿಕ್ಕದು, ಆದರೆ ಹೊಕ್ಕುಳಿನ ಕೆಳಗಷ್ಟೇ. ನನಗೆ ಮೇಲೂ ಸಡಿಲವಿದ್ದುದರಿಂದ ಅದು ಅಲ್ಲಿಗೇ ಬಿದ್ದುಹೋಯಿತು. ಉಳಿದದ್ದು ಎರಡು. ಜೋಲುವ ಭಾಗವನ್ನಷ್ಟೇ ಕತ್ತರಿಸಿ ಹೊಲಿದುಬಿಡುವುದು ಒಂದು. ಉರಿ, ಗಾಯ ಎಲ್ಲ ಹೋಗುತ್ತದೆ, ಬೇಗ ಕೆಲಸಕ್ಕೂ ಹೋಗಬಹುದು. ಪೂರ್ತಿ ಟಮ್ಮಿ ಟಕ್ ಇನ್ನೊಂದು. ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಗಾಯ, ಹೊಕ್ಕುಳಿಗೆ ಹೊಸ ಜಾಗ, ಎರಡು ಹೆರಿಗೆಯಲ್ಲಿ ಬೇರೆಬೇರೆಯಾದ ಸ್ನಾಯುಗಳನ್ನು ಒಳಗೆ ಎಳೆದು ಹೊಲಿಯುವುದು, ಎರಡು ತಿಂಗಳು ಭಾರ ಎತ್ತುವಂತಿಲ್ಲ.

"ಬರೀ ಕತ್ತರಿಸಿದ್ರೆ ಹೊಟ್ಟೆ ಮುಂದೆ ಬಂದದ್ದು ಹಾಗೇ ಇರ್ತದಾ?" ಎಂದು ಕೇಳಿದೆ.

ಸ್ವಲ್ಪ ಇರುತ್ತದೆ, ಸ್ನಾಯು ಹೊಲಿದಿರುವುದಿಲ್ಲವಲ್ಲ ಎಂದರು. ಆಮೇಲೆ, ನಿಮಗೆ ಬೇಕಾದದ್ದು ಆರಾಮವೋ ಅಂದವೋ, ಮೊದಲು ಅದನ್ನು ತೀರ್ಮಾನ ಮಾಡಿ ಎಂದರು.

ನನಗೆ ರೇಗಿತು. ಆರಾಮವೂ ಅಂದವೂ ಎರಡೇ ಇರುವುದೇ ಲೋಕದಲ್ಲಿ? "ನನ್ನನ್ನು ನೋಡಿ ರೈಲಿನಲ್ಲಿ ಯಾರೂ ಏಳಬಾರದು, ಅಷ್ಟೇ ಬೇಕು" ಎಂದೆ. ಡಾಕ್ಟರು ಪೆನ್ನು ಮುಚ್ಚಿ ನಕ್ಕರು. ಈ ಕಾರಣ ಹೇಳಿದವರಲ್ಲಿ ನೀವೇ ಮೊದಲು ಎಂದರು. ಕೆಳಗೆ ಬಂದು ರಿಕ್ಷಾ ಹತ್ತಿದೆವು. ಹತ್ತಿದ ಮೇಲೆ ನನ್ನ ಗಂಡ, "ಪೂರ್ತಿದೇ ಮಾಡ್ಸುವ. ಆದ್ರೆ ಅದಕ್ಕೆ ಮುಂಚೆ ಅವರಿಗೆ ಹೇಳು ಮಾರಾಯ್ತಿ. ಇಲ್ಲದಿದ್ರೆ ಮಗು ಹೋಯ್ತು ಅಂತ ಅಳ್ತಾರೆ" ಎಂದರು.

ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಎರಡು ತಿಂಗಳ ಬಳಿಕ ಚಪ್ಪಟೆ ಹೊಟ್ಟೆಯಲ್ಲಿ ಹೋಗಿ ನಿಂತರೆ ಬರ್ಫಿ ಕೊಟ್ಟವರು ಕೇಳುವುದಿಲ್ಲವೇ? ಆ ಭಾನುವಾರ ಹೊಟ್ಟೆಯ ಚಿಂತೆಗಿಂತ ಮಾವಶಿಯ ಚಿಂತೆಯೇ ಹೆಚ್ಚಾಯಿತು.

ಸೋಮವಾರ ಮಾವಶಿ ಏಳುವುದಕ್ಕೆ ಮೊದಲೇ ಅವಳ ಭುಜ ಹಿಡಿದು ಕೂರಿಸಿದೆ. ಬಸುರಿಯಲ್ಲ ಮಾವಶಿ, ಇದು ಬರೀ ಚರ್ಮ, ತೆಗೆಸಿಕೊಳ್ಳುತ್ತಿದ್ದೇನೆ, ತಪ್ಪಾಯಿತು ಎಂದೆ. ನನ್ನ ಮುರುಕು ಮರಾಠಿ ಇನ್ನಷ್ಟು ಮುರಿಯಿತು. ಮಾವಶಿ ಸೀರೆಯ ನೆರಿಗೆ ಗೇಣುದ್ದ ಎತ್ತಿ ಕಾಲು ತೋರಿಸಿದಳು. ಡಾಕ್ಟರು ಕೊಡುವ ಬಿಗಿ ಕಾಲುಚೀಲ, ಅದರೊಳಗೆ ಉಬ್ಬಿ ಗಂಟುಗಂಟಾದ ನರಗಳು. ನೆರಿಗೆ ಬಿಟ್ಟು ಕಿಟಕಿಯ ಕಡೆ ತಿರುಗಿದಳು. ಥಾಣೆಯಲ್ಲಿ ಇಳಿಯುವಾಗಲೂ ನನ್ನ ಮುಖ ನೋಡಲಿಲ್ಲ. ನಾಚಿಕೆಯಿಂದ ಸತ್ತೇಹೋದೆ. ಐರೋಲಿಯ ಗಾಡಿಯಲ್ಲಿ ಬಾಗಿಲ ಬಳಿ ನಿಂತು ಕಣ್ಣೀರು ಹಾಕಿದೆ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನಮ್ಮವರು ಸುಮ್ಮನೆ ಹೇಳಿಲ್ಲ. ಆಪರೇಷನ್‌ವರೆಗಿನ ಎರಡು ವಾರ ನಾನು ದಿನಾ ನಿಂತೇ ಹೋದೆ. ಯಾರೂ ಏಳಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಹತ್ತು ದಿನ ಗೂನುಬೆನ್ನಿನ ಮುದುಕಿಯಂತೆ ಬಗ್ಗಿ ನಡೆದೆ, ಮೊದಮೊದಲು ಪಕ್ಕದಲ್ಲಿ ನೀರು ಇಳಿಯುವ ನಳಿಗೆ ಬೇರೆ. ನಕ್ಕರೆ ನೋವು, ಸೀನಿದರೆ ಪ್ರಾಣ ಹೋಗುವಷ್ಟು ನೋವು. ಹೊಟ್ಟೆಗೆ ಬೆಲ್ಟ್ ಬಿಗಿಯುವ ಕೆಲಸ ಅತ್ತೆಯದು. "ನೀನು ಎರಡು ಹೆತ್ತಾಗಲೂ ಹೊಟ್ಟೆಗೆ ನಾನೇ ಪಂಚೆ ಕಟ್ಟಿದ್ದು. ಇದು ನಿನ್ನ ಮೂರನೇ ಬಾಣಂತನ" ಎಂದು ಹೇಳಿ, ನಗಿಸಿ, ನೋಯಿಸಿ, ಗಂಜಿ ಉಣಿಸಿದರು. ಕುಚ್ಚಲಕ್ಕಿ ಗಂಜಿ! ಎಂಥ ಸುಖ! ನಾಲ್ಕನೇ ವಾರ ಕನ್ನಡಿಯ ಮುಂದೆ ನಿಂತು ಆ ಉದ್ದದ ಕೆಂಪು ಗೆರೆಯನ್ನು ಬೆರಳಲ್ಲಿ ಸವರಿದೆ. ಚಂದವೇನಲ್ಲ. ಆದರೆ ಉರಿ ಇರಲಿಲ್ಲ. ನನ್ನ ಎರಡೂ ಕೈ ಖಾಲಿ ಇದ್ದವು. ಬಹಳ ಸಂತೋಷವಾಯಿತು.

ಎರಡು ತಿಂಗಳ ಮೇಲೆ ಅದೇ ಗಾಡಿ ಹತ್ತಿದೆ. ಬೇರೆ ಡಬ್ಬಿಗೆ ಹೋಗಬಹುದಿತ್ತು, ಹೋಗಲಿಲ್ಲ. ಮೇಲಿನ ಹಿಡಿ ಹಿಡಿದು ನೆಟ್ಟಗೆ ನಿಂತೆ. ಮಾವಶಿ ಕಿಟಕಿಯ ಬಳಿ ಕೂತಿದ್ದಳು. ಕನ್ನಡಕ ಏರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಹೊಟ್ಟೆಯ ಹತ್ತಿರ ತುಸು ಹೊತ್ತು ಕಣ್ಣು ನಿಲ್ಲಿಸಿದಳು, ಆಮೇಲೆ ಕೈ ನೋಡಿದಳು. ಹಸಿರು ಬಳೆ ಕೈಯಲ್ಲೇ ಇತ್ತು. ಆಸ್ಪತ್ರೆಯಲ್ಲಿ ಬಿಚ್ಚಿಸಿದ್ದನ್ನು ಅತ್ತೆ ಎತ್ತಿಟ್ಟು, ಹೊರಡುವ ಬೆಳಿಗ್ಗೆ ತಾವೇ ತೊಡಿಸಿ ಕಳಿಸಿದ್ದರು.

"ಟಾಕೆ ಒಣಗಿದವಾ?" ಎಂದು ಹೊಲಿಗೆಯ ಬಗ್ಗೆ ಕೇಳಿದಳು.

"ಒಣಗಿದವು ಮಾವಶಿ."

ಅವಳು ಏಳಲಿಲ್ಲ. ಪಕ್ಕದವಳ ತೊಡೆಗೆ ಮೊಣಕೈಯಿಂದ ತಿವಿದು, "ಸರಕಾ ಗ" ಎಂದಳು. ಮೂವರೂ ಗೊಣಗುತ್ತ ಒತ್ತಿಕೊಂಡರು. ಬೆಂಚಿನ ತುದಿಯಲ್ಲಿ ಒಂದು ಗೇಣು ಜಾಗವಾಯಿತು. ಅರ್ಧ ಸೊಂಟ ಊರಿ, ಅರ್ಧ ಗಾಳಿಯಲ್ಲಿ ಇಟ್ಟು, ನಾನು ಥಾಣೆಯವರೆಗೆ ಚೌಥಿ ಸೀಟಿನಲ್ಲಿ ಕೂತು ಹೋದೆ.