ತಂಗಿಯ ಕಾಲಿನ ವೇಗ

ನನ್ನ ತಂಗಿ ನೂರು ಮೀಟರ್ ಓಡುತ್ತಿದ್ದಳು. ಸೀಟಿ ಊದಿದ ಮೇಲೆ ಮೊದಲ ಹತ್ತು ಹೆಜ್ಜೆಯಲ್ಲೇ ಉಳಿದವರನ್ನು ಹಿಂದೆ ಹಾಕಿಬಿಡುತ್ತಿದ್ದಳು. ಹತ್ತನೇ ತರಗತಿಯಲ್ಲಿದ್ದಾಗ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಗೆ ಹೆಸರು ಕೊಟ್ಟಳು. ಅಲ್ಲಿ ಸೇರಿಕೊಂಡರೆ ಓದು, ಊಟ, ತರಬೇತಿ ಎಲ್ಲವೂ ಸಿಗುತ್ತಿತ್ತು. ಅವಳನ್ನು ತಯಾರು ಮಾಡುವ ಕೆಲಸವನ್ನು ಯಾರೂ ಕೇಳದೆಯೇ ನಾನು ವಹಿಸಿಕೊಂಡೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಗೋವಿಂದರಾಜನಗರದ ಒಂದು ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದೆ, ಬೆಳಿಗ್ಗೆ ಗರಡಿ ಮನೆಗೆ ಹೋಗುತ್ತಿದ್ದೆ. ಮೈಯ ವಿಚಾರ ಬಂದರೆ ಮನೆಯಲ್ಲಿ ನನ್ನದೇ ಕೊನೆಯ ಮಾತು. ಗರಡಿಯಲ್ಲಿ ಕಲಿತದ್ದು ಇಷ್ಟೇ: ಇವತ್ತು ನೂರು ಬಸ್ಕಿ ಹೊಡೆದವನು ನಾಳೆ ನೂರ ಹತ್ತು ಹೊಡೆಯಬೇಕು. ದೊಡ್ಡ ಕುಸ್ತಿಗೆ ಮುಂಚೆ ಹನುಮಂತನ ಪಟದ ಮುಂದೆ ನಿಂತು, ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ದಿನಕ್ಕೆ ಇಷ್ಟು ಬಸ್ಕಿ ಎಂದು ಸಂಕಲ್ಪ ಮಾಡುತ್ತಿದ್ದೆವು. ನಡುವೆ ಬಿಟ್ಟರೆ ಕೇಡು ಎಂದು ನಂಬಿದ್ದೆವು. ತಂಗಿಗೂ ಹಾಗೆಯೇ ಸಂಕಲ್ಪ ಮಾಡಿಸಿದೆ. ದಿನಕ್ಕೆ ಐನೂರು ಬಸ್ಕಿ, ಆಮೇಲೆ ಮಾಗಡಿ ರಸ್ತೆ ಹಿಡಿದು ಬ್ಯಾಡರಹಳ್ಳಿಯವರೆಗೆ ಮೈಲಿಗಟ್ಟಲೆ ಓಟ.

"ಮಗು ಮೆಟ್ಲು ಹತ್ತಕ್ಕೆ ಗೋಡೆ ಹಿಡ್ಕೋತಾಳೆ. ಎಲ್ಲಿಂದ ಬಂದ್ಯೋ ಪೈಲ್ವಾನ ನೀನು!" ಎಂದು ಅಮ್ಮ ಬೈಯುತ್ತಿದ್ದಳು. ನಾನು ನಗುತ್ತಿದ್ದೆ.

ಹತ್ತನೇ ದಿನ ಅವಳ ಶಾಲೆಯ ಪಿ.ಟಿ. ಮಿಸ್ ನನ್ನನ್ನು ಕರೆಸಿದರು.

"ಏನ್ ಸಾರ್, ತಂಗೀನ ಕುಸ್ತಿಗೆ ಕಳಿಸ್ತೀರಾ, ಓಟಕ್ಕಾ?"

"ಕಾಲು ಗಟ್ಟಿ ಆಗ್ಲಿ ಅಂತ, ಮಿಸ್."

ಅವರು ನಗಲಿಲ್ಲ. ಕಾಲಿನ ಮಾಂಸದೊಳಗೆ ಸಣ್ಣ ಸಣ್ಣ ಎಳೆಗಳಿರುತ್ತವೆ, ಅವೆಲ್ಲ ಒಂದೇ ಜಾತಿಯವಲ್ಲ ಎಂದರು. ಕೆಲವು ನಿಧಾನದವು, ಗಂಟೆಗಟ್ಟಲೆ ದುಡಿದರೂ ದಣಿಯುವುದಿಲ್ಲ. ಕೆಲವು ಒಂದೇ ಏಟಿಗೆ ಸಿಡಿಯುತ್ತವೆ, ಬೇಗ ಸುಸ್ತಾಗುತ್ತವೆ.

"ನಿಮ್ಮ ತಂಗಿ ಕಾಲಲ್ಲಿ ಸಿಡಿಯೋ ಎಳೆ ಜಾಸ್ತಿ ಇರ್ಬೇಕು. ಹುಟ್ಟಿನಿಂದ ಬಂದಿದ್ದು ಪೂರ್ತಿ ಅದಲುಬದಲು ಆಗಲ್ಲ. ಆದ್ರೆ ದಿನಾ ಏನು ಮಾಡಿಸ್ತೀರೋ ಕಾಲು ಅದನ್ನೇ ಕಲಿಯತ್ತೆ. ದಣಿಸಿ ದಣಿಸಿ ಓಡಿಸಿದ್ರೆ ದಣಿವು ತಡ್ಕೊಳೋದನ್ನ ಕಲಿಯತ್ತೆ, ಸಿಡಿಯೋದನ್ನ ಮರೆಯತ್ತೆ. ಮೂವತ್ತು ಮೀಟರ್ ಜೋರಾಗಿ ಓಡ್ಲಿ, ಪೂರ್ತಿ ಸುಧಾರಿಸ್ಕೊಳ್ಲಿ, ಮತ್ತೆ ಓಡ್ಲಿ. ಬಸ್ಕಿ ನಿಲ್ಲಿಸಿ. ಅವಳಿಗೂ ಹೇಳಿ."

ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಇಂದು ಬರೆದುಕೊಂಡರೆ ಅದು ಸುಳ್ಳು. ಮೂಟೆ ಹೊರುವ ನನ್ನ ಕಾಲು ದಿನವಿಡೀ ದುಡಿಯುತ್ತಿತ್ತು, ಆದರೆ ಬಸ್ಸಿನ ಹಿಂದೆ ಓಡಿ ಹತ್ತಲು ಆಗುತ್ತಿರಲಿಲ್ಲ. ಅವರು ಹೇಳಿದ್ದಕ್ಕೆ ನಾನೇ ಸಾಕ್ಷಿಯಾಗಿದ್ದೆ. ಆದರೂ ಮಂಡಲದ ನಡುವೆ ನಿಲ್ಲಿಸುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಅಣ್ಣನಿಗೆ ಏನೂ ಗೊತ್ತಿರಲಿಲ್ಲ ಎಂದು ತಂಗಿಗೆ ತಿಳಿದುಬಿಡುತ್ತದಲ್ಲ?

ಮನೆಗೆ ಬಂದಾಗ ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. "ಮಿಸ್ ಏನಂದ್ರಣ್ಣ?"

"ಚೆನ್ನಾಗಿ ಮಾಡಿಸ್ತಾ ಇದೀರ, ಹಿಂಗೇ ಮುಂದುವರಿಸಿ ಅಂದ್ರು."

ನಲವತ್ತೆಂಟು ದಿನವೂ ಒಂದು ಬಸ್ಕಿ ಕಡಿಮೆ ಮಾಡದೆ ಹೊಡೆದಳು. ಮಿಸ್ ಒಂದೆರಡು ಸಲ ವಿಚಾರಿಸಿದಾಗ, ಅಣ್ಣ ಹೇಳಿದ ಹಾಗೆ ಮಾಡ್ತಿದೀನಿ ಮಿಸ್ ಎಂದಳಂತೆ. ನಾನು ಅವರ ಮಾತು ಕೇಳಿದ್ದೇನೆ ಎಂದುಕೊಂಡು ಅವರೂ ಸುಮ್ಮನಾದರು. ಆಯ್ಕೆಯ ದಿನ ಸೀಟಿ ಊದಿದಾಗ ಅವಳ ಕಾಲು ಮೊದಲಿನಂತೆ ಸಿಡಿಯಲಿಲ್ಲ. ಕೊನೆಯ ಗೆರೆ ದಾಟಿದಾಗ ಅವಳಿಗೆ ಏದುಸಿರು ಕೂಡ ಇರಲಿಲ್ಲ, ಆದರೆ ಅವಳ ಮುಂದೆ ಐದು ಹುಡುಗಿಯರಿದ್ದರು.

"ನನ್ ಕಾಲಲ್ಲೇ ಸ್ಪೀಡ್ ಇಲ್ಲ ಕಣಣ್ಣ. ನೀನು ಎಷ್ಟು ಮಾಡಿಸ್ದೆ ಪಾಪ," ಎಂದಳು. ಆಗಲೂ ನಾನು ನಿಜ ಹೇಳಲಿಲ್ಲ. ಅವಳು ಮತ್ತೆ ಓಡಲಿಲ್ಲ.

ಈಗ ಅವಳು ದೀಪಾಂಜಲಿ ನಗರದಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಮಗಳಿಗೆ ಹನ್ನೆರಡು ವರ್ಷ. ಹೋದ ತಿಂಗಳು ನಾನು ಹೋಗಿದ್ದಾಗ ಆ ಮಗು ಶಾಲೆಯ ಓಟದ ಚೀಟಿಗೆ ಸಹಿ ಕೇಳುತ್ತಿತ್ತು.

"ಬೇಡ. ನಮ್ ವಂಶದ ಕಾಲಲ್ಲಿ ಸ್ಪೀಡಿಲ್ಲ. ಸುಮ್ನೆ ಆಸೆ ಪಟ್ಕೊಂಡು ಅಳೋದ್ಯಾಕೆ? ಬೇಕಿದ್ರೆ ಮಾವನ್ನೇ ಕೇಳು," ಎಂದಳು ತಂಗಿ.

ಮಗು ನನ್ನ ಕಡೆ ತಿರುಗಿತು. ಅದನ್ನು ಅಂಗಡಿಗೆ ಕಳಿಸಿ, ತಂಗಿಗೆ ಎಲ್ಲವನ್ನೂ ಹೇಳಿದೆ. ಮಿಸ್ ಹೇಳಿದ ಮಾತು, ಬಾಗಿಲಲ್ಲಿ ನಾನು ಹೇಳಿದ ಸುಳ್ಳು. ಅವಳು ಹೊಲಿಯುತ್ತಿದ್ದ ಬಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ.

"ಮಿಸ್ ಹೇಳ್ದಾಗ ಎಷ್ಟು ದಿನ ಆಗಿತ್ತು?"

"ಹತ್ತು."

"ಅಷ್ಟೇನಾ?" ಎಂದಳು. ಬಟ್ಟೆಯ ಮಡಿಕೆ ಸರಿಮಾಡುತ್ತಾ ಮತ್ತೆ ಕೇಳಿದಳು, "ನಾನು ನಿನ್ನ ಬೈತೀನಿ ಅಂದ್ಕೊಂಡ್ಯಾ ಅವತ್ತು?"

"ಇಲ್ಲ. ನಗ್ತೀಯ ಅಂದ್ಕೊಂಡೆ."

ಮಗು ಬಂದಾಗ ಅವಳು ಚೀಟಿ ಕೇಳಿ ತೆಗೆದುಕೊಂಡು ಸಹಿ ಹಾಕಿದಳು. ಅಭ್ಯಾಸಕ್ಕೆಂದು ಮಗುವನ್ನು ಮೈದಾನಕ್ಕೆ ನಾನು ಕರೆದುಕೊಂಡು ಹೋಗಲಾ ಎಂದು ಕೇಳಿದೆ.

"ನಾನೇ ಹೋಗ್ತೀನಿ," ಎಂದಳು, ತಲೆಯೆತ್ತದೆ. "ನೀನು ಬರ್ಬೇಡ."