ಹಳದಿ ಅಂಗಿಯ ಟೀಮು

ಶಿಡ್ಲಘಟ್ಟದಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸೊಬ್ಬರಿದ್ದರು. ಮಧ್ಯಾಹ್ನ ಕೆಲಸ ಮುಗಿದೊಡನೆ ಬಂದು, ಬಿಸಿನೀರಲ್ಲಿ ನೆನೆದು ಸುಕ್ಕಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ನನ್ನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಬ್ರೌಸರಿನಲ್ಲೇ ಆಡುವ ಹಳೇ ಕಾಲದ ಫುಟ್‌ಬಾಲ್ ಗೇಮೊಂದರ ಹುಚ್ಚು ಅವರಿಗೆ. ಅದರಲ್ಲಿ ಭಾರತದ ಟೀಮಿರಲಿಲ್ಲ. ರೇಷ್ಮೆಗೂಡಿನ ಬಣ್ಣವೆಂದು ಸದಾ ಹಳದಿ ಅಂಗಿಯ ಟೀಮನ್ನೇ ಆರಿಸುತ್ತಿದ್ದರು. ಎದುರಾಳಿ ಗೋಲು ಹೊಡೆದರೆ, "ಎಳೆ ಕಿತ್ತೋದ್ರೆ ಗಂಟಾಕೋದು, ಅಷ್ಟೇ ಕಣಪ್ಪ" ಎನ್ನುತ್ತಿದ್ದರು.

ಒಂದು ದಿನ ಮೊದಲ ಬಾರಿಗೆ ಫೈನಲ್ ತಲುಪಿ, ಗೆಲ್ಲುವ ಹಂತದಲ್ಲಿದ್ದಾಗ ಕರೆಂಟು ಹೋಯಿತು. ಆಟವೆಲ್ಲ ಅಳಿಸಿಹೋಯಿತು. ಅವರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಕರೆಂಟು ಬಂದೊಡನೆ, "ಗಂಟಾಕಣ" ಎಂದು ಮೊದಲ ಮ್ಯಾಚಿನಿಂದಲೇ ಶುರುಮಾಡಿದರು. ಜೆರಾಕ್ಸಿಗೆ ಬಂದವರೂ ಕಾಗದ ಹಿಡಿದುಕೊಂಡು ಅವರ ಬೆನ್ನ ಹಿಂದೆ ನಿಂತುಬಿಟ್ಟರು. ಸಂಜೆ ಹೊತ್ತಿಗೆ ಫೈನಲ್ಲಿನ ಕೊನೆಯ ಸೀಟಿ ಕೇಳಿತು. ಪರದೆಯ ಮೇಲೆ ಹಳದಿ ಅಂಗಿಯವರು ಕಪ್ ಎತ್ತಿದರು.

ಆಗಷ್ಟೇ ಒಳಬಂದವರೊಬ್ಬರು, "ಯಾವ್ ದೇಶಮ್ಮ ಗೆದ್ದಿದ್ದು?" ಎಂದು ಕೇಳಿದರು.

ಅವರು ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ನಮ್ಮ ಶಿಡ್ಲಘಟ್ಟ."